ಗರಿಗರಿಯಪ್ಪನ ಅಸಾಮರ್ಥ್ಯ ಪರೀಕ್ಷೆ

ಬಡವನಾದವನು ನೋಡುವುದಕ್ಕೆ ಹೇಗಿರಬೇಕು ಎಂಬ ವಿಷಯದಲ್ಲಿ ಸರ್ಕಾರಕ್ಕೆ ಬಹಳ ಖಚಿತವಾದ ಕಲ್ಪನೆಯಿತ್ತು. ತೊಂದರೆ ಏನೆಂದರೆ, ಆ ಕಲ್ಪನೆಯನ್ನು ಯಾರೂ ಗರಿಗರಿಯಪ್ಪನಿಗೆ ತಿಳಿಸಿರಲಿಲ್ಲ.

ಬೀದಿಯವರು ಅವನನ್ನು ಹಾಗೆ ಕರೆಯುತ್ತಿದ್ದುದು ಅವನ ಅಂಗಿಯ ದೆಸೆಯಿಂದ. ಅವನ ಬಳಿ ಇದ್ದದ್ದು ಎರಡೇ ಅಂಗಿ. ಎರಡರ ಕಾಲರನ್ನೂ ಹೆಂಡತಿ ಒಮ್ಮೆ ಬಿಚ್ಚಿ, ಮಗುಚಿ ಹೊಲಿದಿದ್ದಳು. ಆದರೆ ಗಂಜಿ ಹಾಕಿ, ಇಸ್ತ್ರಿ ತಿಕ್ಕಿ, ತೋಳಿನ ಮೇಲೆ ಗೆರೆ ಎಬ್ಬಿಸಿಕೊಂಡು ಅವನು ಬೀದಿಗೆ ಇಳಿದನೆಂದರೆ ಬ್ಯಾಂಕಿನ ಮ್ಯಾನೇಜರು ಕೂಡ ಒಂದು ಕ್ಷಣ ತನ್ನ ಅಂಗಿಯ ಕಡೆ ನೋಡಿಕೊಳ್ಳುತ್ತಿದ್ದ. ಒಂದು ಬ್ರೆಡ್ಡು ತರಲು ಹೋದರೂ ಅದೇ ಠೀವಿ. ಸುಕ್ಕಾಗುತ್ತದೆಂದು ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಹೋಗುತ್ತಿದ್ದ.

ಇದು ಶೋಕಿಯಲ್ಲ, ಕಸುಬು. ಮೂವತ್ತೊಂದು ವರ್ಷ ಅವನು ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತವನು. ಹೋಟೆಲಿನ ಹಾಸು, ಆಸ್ಪತ್ರೆಯ ಕೋಟು, ವಕೀಲರ ಕಾಲರು, ಮದುಮಕ್ಕಳ ಉಡುಪು ಎಲ್ಲವೂ ಅವನ ಬಲಗೈ ಕೆಳಗೆ ಹಾದು ಹೋಗಿದ್ದವು. ಒಂದು ದಿನ ಆ ಬಲಗೈಯ ಭುಜ ಮುಷ್ಕರ ಹೂಡಿತು. ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ, ಭಾರ ತಡೆಯುವುದಿಲ್ಲ ಎಂದು ವೈದ್ಯರು ಬರೆದುಕೊಟ್ಟರು. ಲಾಂಡ್ರಿಯ ಮಾಲೀಕ ಬಹಳ ಮರುಗಿ, ಅದೇ ಕೈಯನ್ನು ಹಿಡಿದು ಜೋರಾಗಿ ಕುಲುಕಿ ಮನೆಗೆ ಕಳಿಸಿದ. ಆ ಕುಲುಕಾಟದ ನೋವು ಇನ್ನೂ ಇದೆ ಎಂದು ಗರಿಗರಿಯಪ್ಪ ಹೇಳುವುದುಂಟು.

ಅಲ್ಲಿಂದಾಚೆ ಗಂಡ ಹೆಂಡತಿ ಬದುಕಿದ್ದು ಸರ್ಕಾರದ ಸಹಾಯಧನದಲ್ಲಿ. ಎರಡು ಕೋಣೆಯ ಮನೆಯ ಬಾಡಿಗೆ ಕಳೆದು ಉಳಿದದ್ದರಲ್ಲಿ ಹೇಗೋ ತಿಂಗಳು ತಳ್ಳುತ್ತಿದ್ದರು. ಅಂಗಿಯ ವಿಷಯಕ್ಕೆ ಮಾತ್ರ ರಾಜಿ ಇರಲಿಲ್ಲ. ಹೆಂಡತಿ ಬಟ್ಟೆಯ ಅಂಚು ಎಳೆದು ಹಿಡಿಯಬೇಕು, ಇವನು ಎಡಗೈಯಲ್ಲಿ ಇಸ್ತ್ರಿ ಪೆಟ್ಟಿಗೆ ಓಡಿಸಬೇಕು, ಒಂದು ತೋಳು ಮುಗಿದ ಮೇಲೆ ಕುಳಿತು ಉಸಿರು ಬಿಡಬೇಕು. ಮೊದಲು ನಾಲ್ಕು ನಿಮಿಷಕ್ಕೆ ಒಂದು ಅಂಗಿ ಬಿಸಾಕುತ್ತಿದ್ದವನಿಗೆ ಈಗ ಒಂದೂಕಾಲು ಗಂಟೆ ಹಿಡಿಯುತ್ತಿತ್ತು.

ಸಹಾಯಧನ ನಿಂತರೆ ಮನೆ ಬಿಡಬೇಕು. ಮನೆ ಬಿಟ್ಟರೆ ಹೋಗಲು ಇದ್ದದ್ದು ಒಂದೇ ಜಾಗ, ಷಡ್ಡಕನ ಮನೆಯ ಹಿಂದಿನ ಕೋಣೆ. ಅದನ್ನು ನೆನೆದರೆ ಗರಿಗರಿಯಪ್ಪನ ಒಳ್ಳೆಯ ಭುಜವೂ ನೋಯುತ್ತಿತ್ತು.

ಈ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ನೋಂದಣಿ ಕಚೇರಿಯಲ್ಲಿ ಸೇವೆ ಮುಗಿಸಿ ಪಿಂಚಣಿ ತೆಗೆದುಕೊಂಡು ಟಿವಿಯ ಮುಂದೆ ಪ್ರತಿಷ್ಠಾಪನೆಗೊಂಡ ಮನುಷ್ಯ. ಆ ವರ್ಷ ದೇಶದಲ್ಲಿ ಬೇರೆ ಮಾತೇ ಇರಲಿಲ್ಲ. ಸಹಾಯಧನ ತಿನ್ನುವವರಲ್ಲಿ ಕಳ್ಳರೆಷ್ಟು, ಸುಳ್ಳರೆಷ್ಟು ಎಂದು ಸಂಜೆಯಾದರೆ ಟಿವಿಯಲ್ಲಿ ಆರು ಜನ ಕುಳಿತು ಗಂಟಲು ಹರಿದುಕೊಳ್ಳುತ್ತಿದ್ದರು. ಮೂವರ ಪ್ರಕಾರ ಸಹಾಯ ಪಡೆಯುವವರೆಲ್ಲ ಕಳ್ಳರು, ಉಳಿದ ಮೂವರ ಪ್ರಕಾರ ಎಲ್ಲರೂ ದೇವರಂಥವರು. ಇಸ್ತ್ರಿ ಮಾಡುವ ಮನುಷ್ಯನನ್ನು ಆ ಆರರಲ್ಲಿ ಒಬ್ಬನೂ ಹತ್ತಿರದಿಂದ ನೋಡಿದ ಹಾಗಿರಲಿಲ್ಲ. ಷಡ್ಡಕ ಮೊದಲ ಮೂವರ ಪಕ್ಷ. ಭಾನುವಾರ ಬಂದರೆ ಗರಿಗರಿಯಪ್ಪನ ಮನೆಗೆ ಬಂದು, ಇರುವ ಒಂದೇ ಕೈಕುರ್ಚಿಯಲ್ಲಿ ಕುಳಿತು, ವಾರದ ಚರ್ಚೆಯನ್ನೆಲ್ಲ ಚಾಚೂ ತಪ್ಪದೆ ಒಪ್ಪಿಸುತ್ತಿದ್ದ. ಪುಕ್ಕಟೆ ತಿನ್ನುವವರನ್ನು ಸಾಲಾಗಿ ನಿಲ್ಲಿಸಿ ಕೆಲಸ ಮಾಡಿಸಿ ನೋಡಬೇಕು ಎಂಬುದು ಅವನ ಖಾಯಂ ತೀರ್ಮಾನ.

ಗರಿಗರಿಯಪ್ಪನೂ ಹೌದು ಹೌದು ಎನ್ನುತ್ತಿದ್ದ. ಏಕೆಂದರೆ ತಾನು ಸಹಾಯಧನದವನು ಎಂಬ ಸಂಗತಿಯನ್ನು ಅವನು ಷಡ್ಡಕನಿಗೆ ಹೇಳಿಯೇ ಇರಲಿಲ್ಲ. ಲಾಂಡ್ರಿಯವರು ಗೌರವದಿಂದ ವಿಶ್ರಾಂತಿ ಕೊಟ್ಟಿದ್ದಾರೆ ಎಂದಷ್ಟೇ ಹೇಳಿದ್ದ. ಎಂಟು ವರ್ಷದ ಹಿಂದೆ ಬಾಯಿತಪ್ಪಿ ಬಂದ ಮಾತು, ಈಗ ಮನೆಯ ಗೋಡೆಯಷ್ಟೇ ಗಟ್ಟಿಯಾಗಿ ನಿಂತುಬಿಟ್ಟಿತ್ತು.

ಅಂಥ ಒಂದು ಭಾನುವಾರವೇ ಪರಿವೀಕ್ಷಕ ಬಾಗಿಲು ತಟ್ಟಿದ್ದು.

ಸಹಾಯಧನ ಸುಧಾರಣಾ ಸಮಿತಿಯ ಆದೇಶದಂತೆ ಪರಿವೀಕ್ಷಕರು ಗುರುತು ಹೇಳಿಕೊಳ್ಳದೆ, ಸಾಮಾನ್ಯ ನಾಗರಿಕರಂತೆ ಬಂದು, ಫಲಾನುಭವಿ ಗುಟ್ಟಾಗಿ ದುಡಿಯುತ್ತಿದ್ದಾನೆಯೇ ಎಂದು ಪತ್ತೆ ಹಚ್ಚಬೇಕಿತ್ತು. ಈ ಪುಣ್ಯಾತ್ಮ ಹೆಗಲಿಗೊಂದು ಚೀಲ ಹಾಕಿ, ಕಂಕುಳಲ್ಲಿ ಎರಡು ಮುದುರಿದ ಅಂಗಿ ಇಟ್ಟುಕೊಂಡು ಬಂದಿದ್ದ. ಬಾಗಿಲು ತೆರೆದದ್ದು ಷಡ್ಡಕ. ಇಲ್ಲಿ ಬಟ್ಟೆ ಇಸ್ತ್ರಿ ಮಾಡಿಕೊಡುತ್ತಾರಂತಲ್ಲ ಎಂದು ಪರಿವೀಕ್ಷಕ ಕೇಳಿದ್ದೇ ತಡ, ಷಡ್ಡಕನ ಪಿತ್ತ ನೆತ್ತಿಗೇರಿತು. ತನ್ನ ಷಡ್ಡಕನನ್ನು ಯಾರೋ ಬೀದಿಯಲ್ಲಿ ಹೋಗುವವನು ಕೂಲಿಯವನೆಂದು ತಿಳಿದರೆ ಅವಮಾನ ಇವನಿಗೂ ಅಂಟುತ್ತದಲ್ಲ.

"ಮಾಡ್ತಿದ್ರು. ಈಗ್ಯಾಕೆ ಮಾಡ್ಬೇಕು? ಅವರಿಗೇನು ಕಮ್ಮಿಯಾಗಿದೆ?" ಎಂದ ಷಡ್ಡಕ. "ನೋಡಿ, ಹೆಂಗೆ ಕೂತಿದಾರೆ."

ಗರಿಗರಿಯಪ್ಪ ಅಂದು ಬೆಳಿಗ್ಗೆ ತಾನೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆನ್ನು ಒರಗದಂತೆ ನೆಟ್ಟಗೆ ಕುಳಿತಿದ್ದ. ಭುಜ ಹೋಗಿದೆ, ಕೆಲಸ ಆಗುವುದಿಲ್ಲ ಎಂದು ಬಾಯಿ ಬಿಟ್ಟರೆ ಹಾಗಿದ್ದರೆ ಊಟಕ್ಕೇನು ಮಾಡುತ್ತೀಯ ಎಂಬ ಪ್ರಶ್ನೆ ಷಡ್ಡಕನಿಂದ ಬರುತ್ತದೆ. ಆದ್ದರಿಂದ ಗರಿಗರಿಯಪ್ಪ ದೊಡ್ಡ ಮನುಷ್ಯನ ನಗೆ ನಕ್ಕು, ಈಗ ನನ್ನ ಬಟ್ಟೆ ಮಾತ್ರ ಮಾಡಿಕೊಳ್ಳುತ್ತೇನೆ, ಹೊರಗಿನದು ಮುಟ್ಟುವುದಿಲ್ಲ ಎಂದ. ಈ ಅಂಗಿ ನೀವೇ ಮಾಡಿದ್ದೇ ಎಂದು ಪರಿವೀಕ್ಷಕ ಕೇಳಿದಾಗ, ಊರಿನಲ್ಲಿ ಇನ್ಯಾರಿಗೆ ಈ ಗೆರೆ ಬೀಳುತ್ತದೆ ಎಂದು ತೋಳು ಚಾಚಿ ತೋರಿಸಿದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಆಗಂತುಕನ ಚೀಲದ ಮೇಲಿದ್ದ ಇಲಾಖೆಯ ಮೊಹರು ಕಂಡಿತ್ತು. ಅವಳು ಕೈಸನ್ನೆ ಮಾಡಿದಳು, ಕಣ್ಣು ಬಿಟ್ಟಳು, ಕೊನೆಗೆ ಒಂದು ಚಮಚ ಬೀಳಿಸಿದಳು. ಬಂದವರಿಗೆ ಚಹಾ ಇಡಲೇ ಎಂದು ಕೇಳುತ್ತಿದ್ದಾಳೆಂದು ಗರಿಗರಿಯಪ್ಪ ತಿಳಿದುಕೊಂಡು, ಇಡು, ಸಕ್ಕರೆ ಕೈ ಬಿಚ್ಚಿ ಹಾಕು ಎಂದು ಅಪ್ಪಣೆ ಕೊಡಿಸಿದ. ಪರಿವೀಕ್ಷಕ ಚಹಾ ಕುಡಿದು, ಲೋಟ ಕೆಳಗಿಟ್ಟು, ಮೆಟ್ಟಿಲ ಮೇಲೆ ನಿಂತು ಎರಡು ಪುಟ ಬರೆದುಕೊಂಡು ಹೋದ.

ಹದಿನೈದು ದಿನಕ್ಕೆ ನೋಟೀಸು ಬಂತು. "ಫಲಾನುಭವಿಯು ಹಾಡುಹಗಲೇ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕಂಡುಬಂದಿದ್ದು, ಸದರಿ ಅಂಗಿಯನ್ನು ತಾನೇ ಇಸ್ತ್ರಿ ಮಾಡಿರುವುದಾಗಿ ಸಾಕ್ಷಿಯ ಸಮಕ್ಷಮ ಒಪ್ಪಿಕೊಂಡಿರುತ್ತಾನೆ. ಸದರಿಯವನಿಗೆ ಯಾವ ಕೊರತೆಯೂ ಇರುವುದಿಲ್ಲವೆಂದು ಸಂಬಂಧಿಕರಿಂದ ತಿಳಿದುಬಂದಿರುತ್ತದೆ. ಸಕ್ಕರೆಯ ಬಳಕೆ ಧಾರಾಳವಾಗಿರುತ್ತದೆ," ಎಂದು ಅದರಲ್ಲಿತ್ತು. ಆದ್ದರಿಂದ ಬರುವ ಬುಧವಾರ ಬಹಿರಂಗ ಪರಿಶೀಲನಾ ಸಭೆಗೆ ಕಸುಬಿನ ಸಲಕರಣೆ ಸಮೇತ ಹಾಜರಾಗಿ, ತನಗೆ ಕೆಲಸ ಬರುವುದಿಲ್ಲವೆಂಬುದನ್ನು ಮಾಡಿ ತೋರಿಸತಕ್ಕದ್ದು.

ಬರದ ಕೆಲಸವನ್ನು ಮಾಡಿ ತೋರಿಸುವುದು ಹೇಗೆ ಎಂದು ಗಂಡ ಹೆಂಡತಿ ಒಂದು ಗಂಟೆ ಯೋಚಿಸಿದರು. ಆಮೇಲೆ ಹೆಂಡತಿ ಗಂಡನನ್ನು ತರಾಟೆಗೆ ತೆಗೆದುಕೊಂಡಳು. ಆ ದರಿದ್ರ ಅಂಗಿಯನ್ನು ಸುಕ್ಕಾಗಿ ಹಾಕಿಕೊಂಡಿದ್ದರೆ ಗಂಟೇನು ಹೋಗುತ್ತಿತ್ತು, ಅಕ್ಕನ ಮನೆಯ ಹಿಂದಿನ ಕೋಣೆಗೆ ಕಿಟಕಿ ಕೂಡ ಇಲ್ಲ, ಭಾವನ ಚರ್ಚೆ ದಿನಾ ಮೂರು ಹೊತ್ತು ಕೇಳುವುದಕ್ಕಿಂತ ತಾನು ಬಸ್ ನಿಲ್ದಾಣದಲ್ಲಿ ಮಲಗುತ್ತೇನೆ ಎಂದಳು. ಅವಳ ಮಾತಿನಲ್ಲಿ ತಪ್ಪು ಹುಡುಕಲು ಗರಿಗರಿಯಪ್ಪನಿಗೆ ಎಲ್ಲೂ ಜಾಗ ಸಿಗಲಿಲ್ಲ.

ಗಲಾಟೆ ಕೇಳಿ ಮೇಲಿನ ಮನೆಯ ಮೇಷ್ಟ್ರು ಇಳಿದು ಬಂದರು. ಅವರು ನಿವೃತ್ತ ಗಣಿತದ ಮೇಷ್ಟ್ರು. ನೋಟೀಸು ಓದಿ, ಕನ್ನಡಕ ಒರೆಸಿಕೊಂಡು, ಇದೇನು ಮಹಾ ಎಂದರು.

"ಫೇಲಾಗೋದು ಹೇಗೆ ಅಂತ ಮೂವತ್ತು ವರ್ಷ ದಿನಾ ಕಣ್ಣಾರೆ ನೋಡಿದೀನಿ. ನಾನು ಹೇಳ್ಕೊಡ್ತೀನಿ ಬನ್ನಿ."

ಅಂದಿನಿಂದ ನಾಲ್ಕು ದಿನ ತರಬೇತಿ ನಡೆಯಿತು. ಮೇಷ್ಟ್ರು ತಮ್ಮದೊಂದು ಹಳೆಯ ಅಂಗಿ ತಂದು ಮೇಜಿನ ಮೇಲೆ ಹಾಸಿ, ಇದನ್ನು ಕೆಡಿಸಿ ಎಂದರು. ಗರಿಗರಿಯಪ್ಪ ಮನಸ್ಸು ಗಟ್ಟಿಮಾಡಿಕೊಂಡು ಎಡಗೈಯಲ್ಲಿ ಪೆಟ್ಟಿಗೆ ಎಳೆದ. ಬೆನ್ನಿನ ಮೇಲೆ ಒಂದು ಅಡ್ಡ ಸುಕ್ಕು ಎದ್ದಿತು. ಮೇಷ್ಟ್ರು ಭೇಷ್ ಎನ್ನುವಷ್ಟರಲ್ಲಿ ಆ ಕೈ, ಒಡೆಯನ ಮಾತು ಕೇಳದೆ, ಹಿಂದಕ್ಕೆ ಹೋಗಿ ಅದನ್ನು ಅಳಿಸಿಬಿಟ್ಟಿತು. ಎರಡನೆಯ ದಿನ ಕಣ್ಣು ಕಟ್ಟಿ ಮಾಡಿಸಿದರು. ಹಾಗೆ ಮಾಡಿದ್ದು ಇನ್ನೂ ಚೆನ್ನಾಗಿ ಬಂತು. ಮೂರನೆಯ ದಿನ ಮೇಷ್ಟ್ರು ಬೈದರು, ಬೆಂಚಿನ ಮೇಲೆ ನಿಲ್ಲಿಸುವುದೊಂದು ಬಾಕಿ. ನಾಲ್ಕನೆಯ ದಿನದ ಹೊತ್ತಿಗೆ ಅವರ ಹಳೆಯ ಅಂಗಿಗಳೆಲ್ಲ ಮದುವೆಗೆ ಹೊರಟಂತೆ ಆಗಿದ್ದವು. ಇಂಥ ದಡ್ಡ ವಿದ್ಯಾರ್ಥಿಯನ್ನು ಕಂಡಿಲ್ಲ ಎಂದು ಅವರು ಕೈಚೆಲ್ಲಿದರು. ಹೋಗುವಾಗ ಒಂದು ಉಪಾಯ ಹೇಳಿದರು: ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಸುಮ್ಮನೆ ಇಟ್ಟು ಹತ್ತರವರೆಗೆ ಎಣಿಸಿ. ಬಟ್ಟೆ ಸುಡುತ್ತದೆ, ಸಹಾಯಧನ ಉಳಿಯುತ್ತದೆ.

ಹೆಂಡತಿ ಅದನ್ನು ಬುಧವಾರದವರೆಗೂ ಮಂತ್ರದ ಹಾಗೆ ಅವನ ಕಿವಿಯಲ್ಲಿ ಊದಿದಳು.

ಸಭೆ ನಡೆದದ್ದು ನಗರಸಭೆಯ ದೊಡ್ಡ ಹಜಾರದಲ್ಲಿ. ಮುಂದೆ ಒಂದು ವೇದಿಕೆ, ಅದರ ಮೇಲೆ ರಾಜಧಾನಿಯಿಂದ ಬಂದ ದೊಡ್ಡ ಸಾಹೇಬರು, ಪಕ್ಕದಲ್ಲಿ ಅರ್ಜಿ ಭರ್ತಿ ಮಾಡುವ ಗುಮಾಸ್ತೆ ಹೆಂಗಸು, ಕೆಳಗೆ ನಮ್ಮ ಪರಿವೀಕ್ಷಕ, ಪತ್ರಿಕೆಯ ಇಬ್ಬರು, ಒಬ್ಬ ಫೋಟೋದವನು. ಒಂದು ಬದಿಯ ಕುರ್ಚಿಗಳಲ್ಲಿ ತೆರಿಗೆ ಕಟ್ಟುವ ಜವಾಬ್ದಾರಿಯುತ ನಾಗರಿಕರು. ಇನ್ನೊಂದು ಬದಿ ಬೆಂಚಿನ ಸಾಲಿನಲ್ಲಿ ನಲವತ್ತು ಜನ ಫಲಾನುಭವಿಗಳು, ತಂತಮ್ಮ ಸಲಕರಣೆ ಹಿಡಿದುಕೊಂಡು. ಬೆನ್ನು ಬಗ್ಗದ ಗಾರೆಯವನು ಕರಣೆ ತಂದಿದ್ದ, ಕಣ್ಣು ಮಂಜಾದ ದರ್ಜಿಯಮ್ಮ ಸೂಜಿ ತಂದಿದ್ದಳು, ಕೈ ನಡುಗುವ ಕ್ಷೌರಿಕ ಕತ್ತಿ, ಸೋಪಿನ ಬಟ್ಟಲು ತಂದಿದ್ದ. ಎಲ್ಲರೂ ಮನೆಯಲ್ಲಿ ಇದ್ದುದರಲ್ಲೇ ಅತ್ಯಂತ ಹರಕು ಬಟ್ಟೆ ಹುಡುಕಿ ತೊಟ್ಟಿದ್ದರು. ಒಬ್ಬನಂತೂ ಹರಕು ಕೋಟು ಸಿಗದೆ ಅಕ್ಕಪಕ್ಕದವರಿಂದ ಎರವಲು ತಂದಿದ್ದ. ಅವರ ನಡುವೆ ಗರಿಗರಿಯಪ್ಪ ಬಿಳಿ ಅಂಗಿ ತೊಟ್ಟು ನಿಂತೇ ಇದ್ದ, ಕುಳಿತರೆ ಸುಕ್ಕಾಗುತ್ತದಲ್ಲ. ಹೆಂಡತಿ ಅಂದು ಬೆಳಿಗ್ಗೆ ಆ ಅಂಗಿಯನ್ನು ಕೈಯಾರೆ ಮುದುರಿ ಕೊಟ್ಟಿದ್ದಳು. ಅವಳು ತಲೆ ಬಾಚಿಕೊಂಡು ಬರುವುದರೊಳಗೆ ಅವನು ಪಾತ್ರೆಯ ಬಿಸಿ ತಳದಿಂದಲೇ ಅದನ್ನು ಒಂದು ಹದಕ್ಕೆ ತಂದಿದ್ದ.

ತನ್ನ ಹೆಸರು ಕೂಗಿದಾಗ ಮುಂದೆ ಬಂದ ಗರಿಗರಿಯಪ್ಪ ಜವಾಬ್ದಾರಿಯುತ ನಾಗರಿಕರ ಕಡೆ ನೋಡಿದ. ಎರಡನೆಯ ಸಾಲಿನಲ್ಲಿ ಷಡ್ಡಕ ಕುಳಿತಿದ್ದ. ಟಿವಿಯಲ್ಲಿ ನೋಡುವುದನ್ನು ಕಣ್ಣೆದುರೇ ನೋಡೋಣವೆಂದು ಬುತ್ತಿ ಕಟ್ಟಿಸಿಕೊಂಡು ಬಂದಿದ್ದ ಮಹಾಶಯ. ಕೂಗಿದ ಹೆಸರು ಕೇಳಿ, ನಡೆದು ಬಂದ ಅಂಗಿ ನೋಡಿ, ಅವನ ಕೈಯಲ್ಲಿದ್ದ ತುತ್ತು ಅರ್ಧದಲ್ಲೇ ನಿಂತಿತು. ಎಂಟು ವರ್ಷ ಕಾಪಾಡಿಕೊಂಡು ಬಂದ ಮಾನ ಎಂಟು ಹೆಜ್ಜೆಯಲ್ಲಿ ಹೋಯಿತು. ಗರಿಗರಿಯಪ್ಪನಿಗೆ ನಾಚಿಕೆಯಾಯಿತು, ಆಮೇಲೆ ನಾಚಿಕೆಪಡಬೇಕಾದದ್ದಕ್ಕೆ ಸಿಟ್ಟು ಬಂತು. ಈಗ ಬಚ್ಚಿಡಲು ಏನೂ ಉಳಿದಿಲ್ಲ ಎಂಬುದು ಹೊಳೆದ ಮೇಲೆ ವಿಚಿತ್ರವಾದ ಧೈರ್ಯವೂ ಬಂತು.

ಇಲಾಖೆಯವರು ಮೇಜು ತಂದಿದ್ದರು, ಕಂಬಳಿ ಹಾಸಿದ್ದರು, ವಿದ್ಯುತ್ತಿಗೆ ತಂತಿ ಎಳೆದಿದ್ದರು. ಇಸ್ತ್ರಿ ಮಾಡಲು ಬಟ್ಟೆ ತರುವುದನ್ನು ಮಾತ್ರ ಮರೆತಿದ್ದರು. ಅದು ಯಾರ ಹೊಣೆ ಎಂಬ ಬಗ್ಗೆ ಐದು ನಿಮಿಷ ಚರ್ಚೆಯಾಯಿತು. ಆಗ ದೊಡ್ಡ ಸಾಹೇಬರು ಎದ್ದು ನಿಂತರು. ರಾತ್ರಿಯಿಡೀ ರೈಲಿನಲ್ಲಿ ಮಲಗಿ ಬಂದ ಅವರ ಅಂಗಿ ಮುದ್ದೆಯಾಗಿತ್ತು, ಹನ್ನೊಂದು ಗಂಟೆಗೆ ಮಂತ್ರಿಗಳು ಬರುವವರಿದ್ದರು, ಫೋಟೋ ತೆಗೆಯುವುದಿತ್ತು. ಸಾಹೇಬರು ಕ್ಷಣದಲ್ಲಿ ಎಲ್ಲವನ್ನೂ ಕೂಡಿಸಿ ನೋಡಿದರು. ಸುಧಾರಣೆಗಾಗಿ ಯಾವ ತ್ಯಾಗಕ್ಕೂ ಸಿದ್ಧ ಎಂದು ಪತ್ರಿಕೆಯವರಿಗೆ ಕೇಳುವಂತೆ ಹೇಳಿ, ತಮ್ಮ ಅಂಗಿಯನ್ನೇ ಬಿಚ್ಚಿ ಕೊಟ್ಟರು. ಪುಕ್ಕಟೆ ಇಸ್ತ್ರಿಯ ಆಸೆಯಲ್ಲಿ ಅವರು ಒಂದು ವಿಷಯ ಮರೆತರು. ಅವರ ಬನಿಯನ್ನಿನ ಹೊಟ್ಟೆಯ ಮೇಲೆ ಒಂದು ತೂತಿತ್ತು, ಸಾಮಾನ್ಯ ತೂತಲ್ಲ, ಮೂರು ಬೆರಳು ಹೋಗುವಂಥದ್ದು.

ನಲವತ್ತು ಫಲಾನುಭವಿಗಳು ಒಟ್ಟಿಗೆ ಆ ತೂತನ್ನು ನೋಡಿದರು. ಗುಮಾಸ್ತೆ ಹೆಂಗಸು ಕಾಗದದಲ್ಲಿ ಮುಖ ಹುದುಗಿಸಿದಳು.

ಗರಿಗರಿಯಪ್ಪ ಅಂಗಿಯನ್ನು ಕೊಡವಿ ಮೇಜಿನ ಮೇಲೆ ಹಾಸಿದ. ಅಂಚು ಹಿಡಿಯಲು ಹೆಂಡತಿ ಮುಂದೆ ಬಂದಳು. ಪರಿವೀಕ್ಷಕ ತಡೆದು, ಪರೀಕ್ಷೆಯಲ್ಲಿ ಸಹಾಯ ಪಡೆಯುವಂತಿಲ್ಲ ಎಂದ. ಸಹಾಯಧನದ ಪರೀಕ್ಷೆಯಲ್ಲಿ ಸಹಾಯವೇ ಕೂಡದೆಂದರೆ ಹೇಗೆ ಎಂದು ಅವಳು ಕೇಳಿದ್ದಕ್ಕೆ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲ, ಆದರೂ ಅವಳನ್ನು ಹಿಂದೆ ಕಳಿಸಿದರು. ಅವನು ಸೊಂಟದಿಂದ ಬಟ್ಟೆಯನ್ನು ಮೇಜಿಗೆ ಒತ್ತಿ ಹಿಡಿದು, ಬಲಗೈಯನ್ನು ಮಡಿಚಿ ಎದೆಗಿಟ್ಟುಕೊಂಡು, ಎಡಗೈಯಲ್ಲಿ ಶುರುಮಾಡಿದ.

ಮೊದಲು ಕಾಲರು. ಹತ್ತು ನಿಮಿಷ. ಸಾಹೇಬರು ಬನಿಯನ್ನಿನ ತೂತಿನ ಮೇಲೆ ಕಡತ ಇಟ್ಟುಕೊಂಡು ಗಂಭೀರವಾಗಿ ಕುಳಿತಿದ್ದರು. ಆಮೇಲೆ ಎಡತೋಳು. ಕುಳಿತು ಉಸಿರು ಬಿಟ್ಟ. ಬಲತೋಳು. ಮತ್ತೆ ಕುಳಿತ. ಹಜಾರದ ಕಿಟಕಿಯಿಂದ ತಣ್ಣನೆ ಗಾಳಿ ಬರುತ್ತಿತ್ತು, ಸಾಹೇಬರು ಎರಡು ಸಲ ಸೀನಿದರು. ಸ್ವಲ್ಪ ಬೇಗ ಆಗಲಿ ಎಂದರು. ಬೇಗ ಮಾಡಲು ಬರುವುದಾಗಿದ್ದರೆ ತಾನು ಇಲ್ಲೇಕೆ ಬರುತ್ತಿದ್ದೆ ಎಂದು ಗರಿಗರಿಯಪ್ಪ ತಲೆಯೆತ್ತದೆ ಹೇಳಿದ.

ಬೆನ್ನಿನ ಭಾಗಕ್ಕೆ ಬಂದಾಗ ಪೆಟ್ಟಿಗೆ ಚೆನ್ನಾಗಿ ಕಾದಿತ್ತು. ಬೆಂಚಿನ ಕಡೆಯಿಂದ ಹೆಂಡತಿ ಬೆರಳೆತ್ತಿ ತೋರಿಸಿದಳು. ಒಂದು, ಎರಡು. ಅವನು ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ನಿಲ್ಲಿಸಿದ. ಮೂರು, ನಾಲ್ಕು. ಬಟ್ಟೆ ಬಿಸಿಯೇರಿದ ವಾಸನೆ ಮೂಗಿಗೆ ಬಡಿಯಿತು. ಹಿಂದಿನ ಕೋಣೆ ಕಣ್ಣಿಗೆ ಬಂತು, ಕಿಟಕಿಯಿಲ್ಲದ ಗೋಡೆ ಬಂತು, ಮೂರು ಹೊತ್ತು ಚರ್ಚೆ ಕೇಳುತ್ತಾ ಮುದುಕಿಯಾಗುವ ಹೆಂಡತಿ ಬಂದಳು. ಐದು. ಇನ್ನೈದು ಎಣಿಸಿದರೆ ಮನೆ ಉಳಿಯುತ್ತಿತ್ತು. ಅವನ ಕೈ ಪೆಟ್ಟಿಗೆಯನ್ನು ಎತ್ತಿಬಿಟ್ಟಿತು. ಮೂವತ್ತೊಂದು ವರ್ಷದಲ್ಲಿ ಸುಡದ ಬಟ್ಟೆಯನ್ನು ಇವತ್ತು ಈ ಬನಿಯನ್ನಿನ ಮನುಷ್ಯನಿಗೋಸ್ಕರ ಸುಡಲೇ ಎಂದು ಅವನಿಗೆ ರೇಗಿಹೋಯಿತು. ಹೆಂಡತಿ ಎತ್ತಿದ ಐದು ಬೆರಳನ್ನು ಹಣೆಗೆ ಬಡಿದುಕೊಂಡಳು.

ಒಂದು ಗಂಟೆ ಮೂವತ್ತೈದು ನಿಮಿಷಕ್ಕೆ ಅಂಗಿ ಮುಗಿಯಿತು. ಸಾಹೇಬರು ತೊಟ್ಟುಕೊಂಡರು. ಅದುವರೆಗೆ ಹೊಟ್ಟೆನೋವಿನವರಂತೆ ಕಾಣುತ್ತಿದ್ದ ಮನುಷ್ಯ ಒಮ್ಮೆಗೇ ಅಧಿಕಾರಿಯಾದರು. ಫೋಟೋದವನು ಎರಡು ಫೋಟೋ ತೆಗೆದ. ಸಾಹೇಬರು ತೋಳಿನ ಗೆರೆಯನ್ನು ಮುಟ್ಟಿ ನೋಡಿ, ಇಂಥ ಕೈಚಳಕದವನು ಜನರ ದುಡ್ಡಿನಲ್ಲಿ ಕೂತು ತಿನ್ನುವುದು ನಾಚಿಕೆಗೇಡು, ಕೆಲಸ ಬರುತ್ತದೆ ಎಂದು ಬರೆದುಕೊಳ್ಳಿ ಎಂದು ಗುಮಾಸ್ತೆಗೆ ಹೇಳಿದರು. ಅರ್ಜಿಯಲ್ಲಿ ಗುರುತು ಹಾಕಲು ಇದ್ದದ್ದು ಎರಡೇ ಚೌಕ, ಬರುತ್ತದೆ, ಬರುವುದಿಲ್ಲ. ಆ ಹೆಂಗಸು ಒಳ್ಳೆಯವಳು. ದನಿ ತಗ್ಗಿಸಿ, ಬರುವುದಿಲ್ಲ ಎಂಬಲ್ಲಿ ನೀವೇ ರುಜು ಹಾಕಿಬಿಡಿ, ಭುಜದ ಕಾಗದ ಜೊತೆಗಿದೆ, ಹೇಗಾದರೂ ನಡೆಸೋಣ ಎಂದಳು.

"ನನಗೆ ಕೆಲಸ ಬರಲ್ಲ ಅಂತ ನಾನೇ ರುಜು ಹಾಕ್ಬೇಕಾ?" ಎಂದ ಗರಿಗರಿಯಪ್ಪ. "ಆಗಲ್ಲಮ್ಮ. ಬರುತ್ತೆ ಅಂತಾನೇ ಬರೀರಿ."

ಹೆಂಡತಿ ಬೆಂಚಿನ ಮೇಲೆ ಕುಸಿದಳು. ಸಾಹೇಬರು ಜಯ ತಮ್ಮದೆಂದು ಮುಗುಳ್ನಕ್ಕರು.

"ಬರೆದ್ರಾ? ಹಾಗಾದ್ರೆ ಈಗ ಕೆಲಸ ಕೊಡಿ. ದಿನಕ್ಕೆ ಒಂದು ಅಂಗಿ ಮಾಡ್ತೀನಿ, ಅದಕ್ಕಿಂತ ಜಾಸ್ತಿ ಈ ಭುಜ ಕೇಳಲ್ಲ. ಯಾವ ಲಾಂಡ್ರಿಯವನೂ ನನ್ನ ಇಟ್ಕೊಳಲ್ಲ, ಅದಕ್ಕೆ ನಿಮ್ಮ ಇಲಾಖೆಯಲ್ಲೇ ಇರ್ತೀನಿ. ದಿನಾ ಬೆಳಿಗ್ಗೆ ನಿಮ್ಮ ಅಂಗಿ ಬಿಚ್ಚಿಕೊಡಿ ಸಾಹೇಬ್ರೇ. ಒಂದೂವರೆ ಗಂಟೆ ಹೀಗೇ ಕೂತಿರಿ. ಇವತ್ತು ಕೂತಿರ್ಲಿಲ್ವಾ?"

ಬೆಂಚಿನ ಸಾಲಿನಿಂದ ಗಾರೆಯವನು ಎದ್ದ. ಕೆಲಸ ತನಗೂ ಬರುತ್ತದೆ, ದಿನಕ್ಕೆ ನಾಲ್ಕು ಇಟ್ಟಿಗೆ ಕೂರಿಸುತ್ತೇನೆ, ಸಾಹೇಬರ ಮನೆಯ ಒಂದು ಗೋಡೆ ಬೀಳಿಸಿಕೊಟ್ಟರೆ ಹತ್ತು ವರ್ಷದಲ್ಲಿ ಕಟ್ಟಿಕೊಡುತ್ತೇನೆ ಎಂದ. ದರ್ಜಿಯಮ್ಮ ಎದ್ದು, ಬನಿಯನ್ನಿನ ತೂತು ತಾನು ಹೊಲಿಯುತ್ತೇನೆ, ಬಿಚ್ಚುವುದು ಬೇಡ, ಮೈಮೇಲಿರುವಾಗಲೇ ಹೊಲಿಯುತ್ತೇನೆ, ಸೂಜಿ ಎಲ್ಲಿ ಹೋಗುತ್ತದೆಂದು ಮಾತ್ರ ತನಗೆ ಕಾಣುವುದಿಲ್ಲ ಎಂದಳು. ಹರಕು ಕೋಟಿನವನು ಕೋಟು ಬಿಚ್ಚಿ ಎಸೆದು ತನಗೂ ಬರುತ್ತದೆ ಎಂದು ಕೂಗಿದ. ಬರುತ್ತದೆ, ಬರುತ್ತದೆ ಎಂದು ನಲವತ್ತೂ ಜನ ಎದ್ದು ನಿಂತರು. ಬರುವುದಿಲ್ಲ ಎಂದು ಹೇಳಿಸಲು ಕರೆಸಿದ್ದ ಜನ ಹೀಗೆ ಒಕ್ಕೊರಲಿನಿಂದ ಉಲ್ಟಾ ಹೊಡೆದದ್ದು ಕಂಡು ಪರಿವೀಕ್ಷಕ ಕಕ್ಕಾಬಿಕ್ಕಿಯಾಗಿ ನಿಯಮಾವಳಿಯ ಪುಟ ತಿರುಗಿಸತೊಡಗಿದ.

ಅಷ್ಟರಲ್ಲಿ ಕ್ಷೌರಿಕ ವೇದಿಕೆ ಹತ್ತಿಬಿಟ್ಟಿದ್ದ. ವಯಸ್ಸು ಎಪ್ಪತ್ತರ ಮೇಲೆ, ಬಟ್ಟಲು ಹಿಡಿದ ಕೈ ಎಷ್ಟು ನಡುಗುತ್ತಿತ್ತೆಂದರೆ ನೊರೆ ತಾನಾಗಿಯೇ ಎದ್ದಿತ್ತು. ಅವನು ಸಾಹೇಬರ ಎರಡು ದಿನದ ಗಡ್ಡವನ್ನು ವಾತ್ಸಲ್ಯದಿಂದ ನೋಡಿ, ಇನ್ನೊಂದು ಕೈಯಲ್ಲಿ ಕತ್ತಿ ಬಿಡಿಸಿದ. ಆ ಕೈ ಇನ್ನೂ ಹೆಚ್ಚು ನಡುಗುತ್ತಿತ್ತು.

"ನನಗೂ ಚೆನ್ನಾಗೇ ಬರುತ್ತೆ ಸ್ವಾಮಿ," ಎಂದ. "ಕತ್ತು ಸ್ವಲ್ಪ ಹಿಂದಕ್ಕೆ ಹಾಕಿ."

ಸಾಹೇಬರು ಕುರ್ಚಿ ಸಮೇತ ಹಿಂದೆ ಸರಿದರು. ಕೆನ್ನೆಯ ಮೇಲೆ ಎರಡೂ ಕೈಯಿಟ್ಟುಕೊಂಡು, ಬಿಳಿಚಿಕೊಂಡು, ಎಲ್ಲರ ಕಾಗದವನ್ನೂ ತನ್ನಿ, ಈಗಲೇ ತನ್ನಿ ಎಂದರು. ಸುಧಾರಣೆಯ ಇತಿಹಾಸದಲ್ಲಿ ಕಡತಗಳು ಅಷ್ಟು ವೇಗವಾಗಿ ವಿಲೇವಾರಿಯಾದ ಉದಾಹರಣೆ ಇನ್ನೊಂದಿಲ್ಲ. ಮಂತ್ರಿಗಳು ಬರುವಷ್ಟರಲ್ಲಿ ನಲವತ್ತು ಜನರ ಸಹಾಯಧನವೂ ಮುಂದುವರಿದಿತ್ತು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ರುಜು ಹಾಕುತ್ತಿದ್ದ ಸಾಹೇಬರ ಪಕ್ಕದಲ್ಲಿ ಕ್ಷೌರಿಕ ಕತ್ತಿ ಹಿಡಿದು ನಿಂತೇ ಇದ್ದ. ಒಳ್ಳೆಯ ಗಿರಾಕಿ ಕೈ ತಪ್ಪಿದ ಬೇಜಾರು ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಷಡ್ಡಕ ಬುತ್ತಿಯ ಡಬ್ಬಿ ಮುಚ್ಚಿಕೊಂಡು ಬಂದ. ಎಂಟು ವರ್ಷದ ಭಾನುವಾರಗಳನ್ನೆಲ್ಲ ಮನಸ್ಸಿನಲ್ಲೇ ತಿರುಗಿ ಲೆಕ್ಕ ಹಾಕಿದವನ ಮುಖ ಅವನದು. ಏನಯ್ಯಾ, ನನಗೊಂದು ಮಾತು ಹೇಳಬಾರದಿತ್ತೆ ಎಂದ. ನೀವು ಮಾತಾಡಲು ಬಿಟ್ಟಿದ್ದು ಯಾವಾಗ ಭಾವ ಎಂದು ಗರಿಗರಿಯಪ್ಪ ಕೇಳಿದ. ಷಡ್ಡಕ ಬಾಯಿ ತೆರೆದ, ಏನೂ ಹೊಳೆಯಲಿಲ್ಲ, ಮುಚ್ಚಿದ. ಇದು ಅವರ ಸಂಬಂಧದಲ್ಲಿ ಮೊದಲ ಸಲ. ಹೆಂಡತಿ ಇನ್ನೂ ಸಿಟ್ಟಿನಲ್ಲಿದ್ದಳು, ಆದರೂ ಭಾವನ ಮುಂದೆ ಬಂದು ಗಂಡನ ಪಕ್ಕದಲ್ಲೇ ನಿಂತಳು.

ಗುಮಾಸ್ತೆ ಹೆಂಗಸು ಗರಿಗರಿಯಪ್ಪನ ಕಾಗದ ತಂದು ಕೊಟ್ಟಳು. ಬರುತ್ತದೆ, ಬರುವುದಿಲ್ಲ ಎಂಬ ಎರಡು ಚೌಕಗಳನ್ನೂ ಖಾಲಿ ಬಿಟ್ಟು, ಕೆಳಗೆ ಸಾಹೇಬರು ಸ್ವಹಸ್ತದಿಂದ ಬರೆದಿದ್ದರು: ಅನುಕಂಪದ ಮೇಲೆ ಸಹಾಯಧನ ಮುಂದುವರಿಸಲಾಗಿದೆ. ಹೆಂಡತಿಯ ಕಣ್ಣಲ್ಲಿ ನೀರು ಬಂತು, ನಡೆಯಿರಿ ಮನೆಗೆ ಹೋಗೋಣ ಎಂದು ತೋಳು ಹಿಡಿದಳು. ಗರಿಗರಿಯಪ್ಪ ಕಾಗದವನ್ನು ಎರಡು ಸಲ ಓದಿ, ಅವಳ ಕೈ ಬಿಡಿಸಿಕೊಂಡು, ತಿರುಗಿ ವೇದಿಕೆಯ ಮೇಲೆ ಹೋದ. ಸಾಹೇಬರು ಅವನನ್ನು ಕಂಡು ಅಂಗಿಯ ಗುಂಡಿಗಳನ್ನು ಬಿಗಿಯಾಗಿ ಹಿಡಿದುಕೊಂಡರು.

"ಅನುಕಂಪ ಅನ್ನೋದನ್ನ ಹೊಡೆದುಹಾಕಿ," ಎಂದ ಗರಿಗರಿಯಪ್ಪ. "ಮೂವತ್ತೊಂದು ವರ್ಷ ಈ ಊರಿನ ಬಟ್ಟೆ ತಿಕ್ಕಿ ತಿಕ್ಕಿ ಈ ಭುಜ ಸವೀತು. ಅದನ್ನ ಬರೀರಿ. ಅಷ್ಟು ಬರೆದ್ರೆ ಸಾಕು."

ಮಂತ್ರಿಗಳ ಕಾರು ಹೊರಗೆ ನಿಂತ ಸದ್ದು ಕೇಳಿತು. ಸಾಹೇಬರು ಅವನನ್ನು ನೋಡಿದರು, ತಮ್ಮ ತೋಳಿನ ಗೆರೆಯನ್ನು ನೋಡಿದರು, ಪೆನ್ನು ತೆಗೆದು ಆ ಪದವನ್ನು ಹೊಡೆದುಹಾಕಿ, ಅವನು ಹೇಳಿದ ಹಾಗೆಯೇ ಬರೆದುಕೊಟ್ಟರು.

ಹೊಡೆದ ಗೆರೆ ಸ್ವಲ್ಪ ಸೊಟ್ಟಗಿತ್ತು. ಗರಿಗರಿಯಪ್ಪ ಕಾಗದವನ್ನು ವಾಪಸು ಮೇಜಿನ ಮೇಲಿಟ್ಟು, ಇನ್ನೊಮ್ಮೆ ನೆಟ್ಟಗೆ ಎಳೆಯಿರಿ ಎಂದ.